ಗುಂಡನ ಸ್ವಭಾವ ಪರೀಕ್ಷೆ

ಜರ್ಮನಿ, ನವೆಂಬರ್ ೨೦೧೩

ಗಂಗಾನಗರದ ಅಕ್ಕನಿಗೆ,

ನಿನ್ನ ಗುಂಡ ಸುಖವಾಗಿದ್ದಾನೆ, ನನಗೆ ನೆಗಡಿ. ರಾಟ್‌ವೈಲರ್ ತಳಿ ಹುಟ್ಟಿದ್ದೇ ಈ ದೇಶದಲ್ಲಿ. ಆದರೂ ತವರಿಗೆ ಬಂದವನನ್ನು ಅಪಾಯಕಾರಿ ನಾಯಿ ಎಂದು ಕರೆದು, ಬಾಯಿಗೆ ಕುಕ್ಕೆ ಬಿಗಿಸಿ ಸ್ವಾಗತಿಸಿದರು. ನಿನ್ನ ಮನೆಯ ಬೆಕ್ಕಿಗೆ ದಾರಿ ಬಿಡುತ್ತಿದ್ದವನನ್ನು!

ನಿನ್ನೆ ಅವನ ಸ್ವಭಾವ ಪರೀಕ್ಷೆ. ಫೇಲಾದರೆ ನನ್ನಿಂದ ಕಿತ್ತುಕೊಳ್ಳುತ್ತಾರೆ. ಒಬ್ಬ ಅಧಿಕಾರಿ ಗುಂಡನ ಮುಖದೆದುರೇ ಫಟ್ಟನೆ ಕೊಡೆ ಬಿಚ್ಚಿದ. ಇನ್ನೊಬ್ಬ ಸರ್ಕಾರಿ ಸಂಬಳಕ್ಕೆ ಕುಡುಕನಂತೆ ತೂರಾಡುತ್ತ ಬಂದು ಅವನ ಮೇಲೆಯೇ ಬಿದ್ದ. ಗಂಗಾನಗರದಲ್ಲಿ ಇದನ್ನೆಲ್ಲ ಪುಕ್ಕಟೆ ನೋಡಿದ್ದ ಗುಂಡ ಆಕಳಿಸಿದ. "ಏಯ್, ನೋಡ್ಕೊಂಡ್ ಬೀಳಯ್ಯಾ! ಕಣ್ ಕಾಣ್ಸಲ್ವಾ?" ಎಂದು ಕೂಗಾಡಿದವನು ನಾನು. ಅಧಿಕಾರಿ ಆಮೇಲೆ ನಾಯಿಯನ್ನು ಬಿಟ್ಟು ನನ್ನನ್ನೇ ನೋಡತೊಡಗಿದ.

ಗುಂಡ ಪಾಸಾದ, ಕುಕ್ಕೆ ಬಿಚ್ಚಿಸಿದರು. ಸೋಮವಾರ ಯಜಮಾನನ ಸ್ವಭಾವ ಪರೀಕ್ಷೆಯಂತೆ. ನಾನು ಫೇಲಾದರೂ ಅವನು ಕೈತಪ್ಪುತ್ತಾನೆ. ಏರ್‌ಪೋರ್ಟಿನಲ್ಲಿ ನೀನು ಅಂದಿದ್ದೆ, "ನಾಯಿದೇನ್ ಚಿಂತೆ ಇಲ್ಲ ಕಣೋ, ನಿನ್ ಬಾಯಿದೇ ಭಯ ನಂಗೆ." ಗುಂಡನ ಕುಕ್ಕೆ ಹೇಗೂ ಖಾಲಿ ಬಿದ್ದಿದೆ. ಸೋಮವಾರ ಅದನ್ನೇ ಹಾಕಿಕೊಂಡು ಹೋಗುತ್ತೇನೆ.

ಕಾರ್ಡಿನಲ್ಲಿ ಜಾಗ ಮುಗಿಯಿತು.
ನಿನ್ನ ತಮ್ಮ,
ರಘುನಾಥ