ಒಂದೇ ಪಥ್ಯ

ಮುಲುಂಡ್, ಮುಂಬಯಿ
೧೪-೫-೧೯೫೬

ರಾಚಕ್ಕನವರಿಗೆ ಪ್ರಫುಲ್ಲಾಳ ನಮಸ್ಕಾರ.

ಪತ್ರ ತಡವಾಯಿತು, ಕ್ಷಮಿಸಿ. ಹೇಗೆ ಬರೆಯಬೇಕೆಂದು ತಿಳಿಯದೆ ಹರಿದುಹಾಕುತ್ತಿದ್ದೆ. ಇಂದು ಬೆಳಿಗ್ಗೆ ನಿಮ್ಮ ತಂಗಿ, ನನ್ನ ಅತ್ತಿಗೆ ದಾನವ್ವ ವೈನಿ, ಈ ಮೇ ತಿಂಗಳ ಸೆಕೆಯಲ್ಲಿ ಶಾಲು ಹೊದ್ದು ಒಲೆಯ ಮುಂದೆ ಕೈ ಕಾಯಿಸಿಕೊಳ್ಳುತ್ತಿದ್ದರು. ಅದನ್ನು ಕಂಡ ಮೇಲೆ ಸುಮ್ಮನಿರಲಾಗಲಿಲ್ಲ.

ದೀಪಾವಳಿಯ ಹೊತ್ತಿಗೆ ಡಾಕ್ಟರರು ಅಣ್ಣನಿಗೂ ವೈನಿಗೂ ಮೈ ಇಳಿಸಲು ಒಂದೇ ಪಥ್ಯ ಹೇಳಿದ್ದರು: ಹೊತ್ತಿಗೊಂದು ರೊಟ್ಟಿ, ಪಲ್ಯ, ಮಜ್ಜಿಗೆ. ಸಂಕ್ರಾಂತಿಯೊಳಗೆ ಅಣ್ಣನ ಹೊಟ್ಟೆ ಕರಗಿತು. ಬಟ್ಟೆ ಅಂಗಡಿಗೆ ಬಂದವರೆಲ್ಲ ಹೊಗಳಿದರು. ವೈನಿಯ ಮೈ ತುಸು ಇಳಿದು ಅಲ್ಲಿಗೇ ನಿಂತುಬಿಟ್ಟಿತು.

ರವಿವಾರಕ್ಕೊಮ್ಮೆ ಅಣ್ಣ ಅವರನ್ನು ಸ್ಟೇಷನ್ನಿನ ತೂಕದ ಮಷೀನಿನ ಮೇಲೆ ನಿಲ್ಲಿಸುತ್ತಾನೆ. ನಿನ್ನೆ ಅದರಿಂದ ಬಂದ ತೂಕದ ಟಿಕೀಟು ನೋಡಿ ಎಲ್ಲರೆದುರೇ ಕೂಗಿದ: “ಅದs ರೊಟ್ಟಿ, ಅದs ಪಲ್ಯ. ನನ್ನ ಮೈ ಕರಗ್ತದ, ನಿಂದ್ಯಾಕ ಕರಗವಲ್ದು? ಕದ್ದು ತಿಂತಿ!”

“ನಿಮ್ಮ ಮೈ, ನನ್ನ ಮೈ ಒಬ್ಬನs ದರ್ಜಿ ಹೊಲಿದಾನೇನ್ರಿ?” ಎಂದು ವೈನಿ ನಗಲು ನೋಡಿದರು. ಅಣ್ಣ ನಗಲಿಲ್ಲ. ಶಿವರಾತ್ರಿಗೆ ಅರ್ಧವಾಗಿದ್ದ ಅವರ ರೊಟ್ಟಿ ನಿನ್ನೆಯಿಂದ ಕಾಲು ಭಾಗವಾಗಿದೆ.

ಹಗಲೆಲ್ಲ ಮನೆಯಲ್ಲಿರುವವಳು ನಾನು. ವೈನಿ ಏನೂ ಕದ್ದು ತಿನ್ನುವುದಿಲ್ಲವೆಂದು ಧೈರ್ಯ ಮಾಡಿ ಅಣ್ಣನಿಗೆ ಹೇಳಿದೆ. “ನೀ ಬಿ.ಎ. ಮಾಡಿದ್ದು ಸಾಹಿತ್ಯದಾಗ, ಡಾಕ್ಟರಕಿ ಒಳಗಲ್ಲ” ಎಂದ. ಅವನು ಕೆಟ್ಟವನಲ್ಲ, ಅಕ್ಕ. ಅಪ್ಪ ಸಕ್ಕರೆ ಕಾಯಿಲೆಯಲ್ಲಿ ಹೋದದ್ದನ್ನು ಕಂಡವನು. ವೈನಿಯೂ ಹಾಗೆ ಹೋದಾರೆಂಬ ಭಯ. ಆದರೆ ನನಗೆ ಕಾಣುವುದು ಬೇರೆ. ವೈನಿಯ ಮೈ ಹಸಿವಿಗೆ ಹೆದರಿ ಇದ್ದದ್ದನ್ನೇ ಬಿಗಿಹಿಡಿದು ಕೂತಂತಿದೆ. ತಲೆಗೂದಲು ಬಾಚಣಿಗೆಯ ತುಂಬ ಬರುತ್ತದೆ. ಮೊನ್ನೆ ನಳದ ಹತ್ತಿರ ಕಣ್ಣು ಕತ್ತಲಾಗಿ ಕೊಡದ ಸಮೇತ ಕುಸಿದರು. ಬಿಲ್ಡಿಂಗಿನ ಹೆಂಗಸರು ಹಿಡಿದೆತ್ತಿದರು. ಅಣ್ಣನಿಗೆ ಹೇಳಬೇಡವೆಂದು ವೈನಿ ನನ್ನಿಂದ ಆಣೆ ಹಾಕಿಸಿಕೊಂಡರು.

ಮಾವನವರ ಕೆಮ್ಮು ಹೇಗಿದೆ? ಮಕ್ಕಳಿಗೆ ನನ್ನ ಆಶೀರ್ವಾದ. ನಿಮ್ಮ ಹರಕೆ ನಮ್ಮ ಮೇಲಿರಲಿ.

ನಿಮ್ಮ
ಪ್ರಫುಲ್ಲಾ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ವೈನಿ ಬಂದು ನನ್ನ ಕೈ ಹಿಡಿದರು. “ಅವರು ಅನ್ನೂದು ಖರೇ ಇರಬೇಕವಾ. ನಿದ್ದಿಗಣ್ಣಾಗ ಎದ್ದು ತಿಂತೀನೋ ಏನೋ, ನನಗs ಗೊತ್ತಾಗವಲ್ದು. ಇವತ್ತಿನಿಂದ ನನ್ನ ಬಾಜೂಕ ಮಲಕೊ. ನನ್ನ ಕೈ ನಿನ್ನ ಸೆರಗಿಗೆ ಕಟ್ಟಿಕೊ” ಎಂದರು. ತಮಾಷೆಯಲ್ಲ, ಕಣ್ಣಲ್ಲಿ ನೀರಿತ್ತು.

ಶುಕ್ರವಾರ ಅಣ್ಣ ಅಂಗಡಿಗೆ ಹೋದ ಮೇಲೆ ವೈನಿಗೆ ಹೊಟ್ಟೆತುಂಬ ಉಣಿಸಿ, ಧಾರವಾಡದ ಗಾಡಿಯಲ್ಲಿ ನಿಮ್ಮಲ್ಲಿಗೆ ಕರೆತರುತ್ತೇನೆ. ಇಬ್ಬರಿಗೂ ಇನ್ನೂ ಹೇಳಿಲ್ಲ. ಶನಿವಾರ ಸ್ಟೇಷನ್ನಿಗೆ ಬನ್ನಿ.