ದೇವಕ್ಕನ ಗುಳಿಗೆ ಮತ್ತು ನನ್ನ ಹಾಲು

ಆಂಟಾಪ್ ಹಿಲ್, ಮುಂಬಯಿ
೨೩-೩-೧೯೭೫

ಚಿರಂಜೀವಿ ಅಣವೀರಪ್ಪನಿಗೆ ನಿನ್ನ ಅಪ್ಪ ಮಾಡುವ ಆಶೀರ್ವಾದಗಳು.

ಮಗನೇ, ಮೈಯಲ್ಲಿ ಹುಷಾರಾಗಿದ್ದೀಯಾ? ಕುವೈತಿನ ಬಿಸಿಲಿಗೆ ಕಣ್ಣು ಉರಿಯುತ್ತವೆ ಎಂದು ಬರೆದಿದ್ದೆ. ಮಲಗುವ ಮುಂಚೆ ಅಂಗಾಲಿಗೆ ಔಡಲೆಣ್ಣೆ ತಿಕ್ಕಿಕೊಳ್ಳುತ್ತಿದ್ದೀಯೋ ಇಲ್ಲವೋ? ಇಲ್ಲ ಎಂದು ನನಗೆ ಗೊತ್ತು. ಇಲ್ಲಿ ನನ್ನ ಮೊಣಕಾಲೊಂದು ಬಿಟ್ಟರೆ ಎಲ್ಲರೂ ಕ್ಷೇಮ. ನೀನು ಬರುತ್ತೀ ಎಂದು ಲಕ್ಷ್ಮವ್ವ ಈಗಲೇ ಶೇಂಗಾ ಚಟ್ನಿ ಕುಟ್ಟಲು ಹೊರಟಿದ್ದಳು. ನಿನ್ನ ಗಂಡನ ಹಡಗಿಗೆ ಇನ್ನೂ ಒಂದು ತಿಂಗಳಿದೆ ತಾಯಿ ಎಂದು ತಡೆದಿದ್ದೇನೆ.

ಈಗ ನಿನ್ನ ಮಗಳ ಸುದ್ದಿ. ದೇವಕ್ಕನ ಮುಖದ ಮೊಡವೆ ನೀನು ನೋಡಿ ಹೋದದ್ದಕ್ಕಿಂತ ಎರಡು ಪಟ್ಟಾಗಿತ್ತು. ಹರೆಯದಲ್ಲಿ ಎಲ್ಲರಿಗೂ ಏಳುವ ನಾಲ್ಕು ಸಾಸಿವೆ ಕಾಳಲ್ಲ. ಕೀವು ತುಂಬಿದ ಗಂಟುಗಳು, ಹಣೆಯಿಂದ ಕುತ್ತಿಗೆಯವರೆಗೆ. ಮಗ್ಗುಲು ಬದಲಿಸಿದರೆ ದಿಂಬಿಗೆ ರಕ್ತ. ಲಕ್ಷ್ಮವ್ವ ಅರಿಶಿನ, ಬೇವು, ಮುಲ್ತಾನಿ ಮಣ್ಣು ಎಲ್ಲ ಬಳಿದು ಸೋತಳು. ಚಾಳಿನ ಹೆಂಗಸರು ನೋಡಿದಾಗಲೆಲ್ಲ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆಂದು ಹುಡುಗಿ ನೀರು ತರಲು ನಳಕ್ಕೆ ಹೋಗುವುದನ್ನು ಬಿಟ್ಟಳು, ಆಮೇಲೆ ಮಾಟುಂಗಾದ ಕಾಲೇಜನ್ನೂ ಬಿಟ್ಟಳು. ಮನೆಯೊಳಗೂ ಸೆರಗನ್ನು ಮೂಗಿನವರೆಗೆ ಎಳೆದುಕೊಂಡು, ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದಳು. ನಿನಗೆ ಪತ್ರ ಬರೆಯುವುದನ್ನು ನಿಲ್ಲಿಸಿದಳಲ್ಲ, ಯಾಕೆ ಎಂದು ನೀನು ಪ್ರತಿ ಪತ್ರದಲ್ಲಿ ಕೇಳುತ್ತೀ. ಅದನ್ನು ಬರೆಯಬೇಕೋ ಬೇಡವೋ ಎಂದು ಇನ್ನೂ ಯೋಚಿಸುತ್ತಿದ್ದೇನೆ.

ನವೆಂಬರಿನಲ್ಲಿ ಅವಳನ್ನು ಆಸ್ಪತ್ರೆಯ ಚರ್ಮದ ಡಾಕ್ಟರ್‌ಬಾಯಿಯವರ ಹತ್ತಿರ ಕರೆದೊಯ್ದೆ. ಮುಖಕ್ಕೆ ಮುಲಾಮು ಕೊಡುತ್ತಾರೆ ಅಂದುಕೊಂಡರೆ, ಟೆಟ್ರಾಸೈಕ್ಲಿನ್ ಎಂಬ ನುಂಗುವ ಗುಳಿಗೆ ಬರೆದುಕೊಟ್ಟರು. ದಿನಕ್ಕೆ ನಾಲ್ಕು, ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನ ಜೊತೆ. ನಾನು ಮನಸ್ಸಿನಲ್ಲೇ ನಕ್ಕೆ. ಗಾಯ ಮುಖದಲ್ಲಿ, ಔಷಧ ಹೊಟ್ಟೆಗೆ! ಜೀವಮಾನವೆಲ್ಲ ಟಪಾಲು ವಿಂಗಡಿಸಿದವನು ನಾನು; ವಿಳಾಸವಿಲ್ಲದ ಲಕೋಟೆ ಎಲ್ಲಿಗೂ ಮುಟ್ಟುವುದಿಲ್ಲ ಎಂಬುದನ್ನು ಚೆನ್ನಾಗಿ ಬಲ್ಲೆ. ಅದೂ ಇಂಗ್ಲಿಷ್ ಔಷಧ, ಬೆಂಕಿಯಂಥ ಉಷ್ಣ. ನಮ್ಮ ಕಡೆ ಹಾಲಿಲ್ಲದೆ ಇಂಥ ಗುಳಿಗೆ ಯಾರಾದರೂ ಕೊಟ್ಟಾರೆಯೇ? ಮರುದಿನದಿಂದ ನಾನೇ ವಡಾಳದ ತಬೇಲಾಕ್ಕೆ, ಆ ಎಮ್ಮೆಗಳ ಕೊಟ್ಟಿಗೆಗೆ, ನಡೆದು ಹೋಗಿ, ಗಟ್ಟಿ ಹಾಲು ತಂದು, ಗುಳಿಗೆಗೊಂದು ಲೋಟದಂತೆ ಮುಂದೆ ಕೂತು ಕುಡಿಸಿದೆ. ಆರು ವಾರವಾದರೂ ಒಂದು ಗಂಟೂ ಕರಗಲಿಲ್ಲ. ನಾನು ಅಂದುಕೊಂಡದ್ದೇ ನಿಜವಾಯಿತಲ್ಲ ಎಂದು ಒಳಗೊಳಗೇ ಹೆಮ್ಮೆ ನನಗೆ.

ಮತ್ತೆ ಹೋದಾಗ, ಹೇಗೆ ನುಂಗಿಸುತ್ತೀರಿ ಎಂದು ಕೇಳಿದರು. ಮೀಸೆ ತಿರುವಿಕೊಂಡೇ ಹಾಲಿನ ಕಥೆ ಹೇಳಿದೆ. ಡಾಕ್ಟರ್‌ಬಾಯಿ "ಅಹೋ ಆಜೋಬಾ!", ಅಯ್ಯೋ ಅಜ್ಜಾ, ಎಂದು ಮರಾಠಿಯಲ್ಲಿ ಕೂಗಿ ಹಣೆಗೆ ಕೈ ಹಚ್ಚಿಕೊಂಡರು. ಹಾಲಿನಲ್ಲಿರುವ ಸುಣ್ಣದ ಅಂಶ ಈ ಔಷಧವನ್ನು ಹೊಟ್ಟೆಯಲ್ಲೇ ಹಿಡಿದುಕೊಳ್ಳುತ್ತದಂತೆ, ರಕ್ತಕ್ಕೆ ಸೇರಲು ಬಿಡುವುದಿಲ್ಲವಂತೆ. ವಿಳಾಸ ಸರಿಯಾಗಿಯೇ ಇತ್ತು ಮಗನೇ, ಟಪಾಲು ತಡೆದವನು ನಾನು. ಬರುವಾಗ ಬಸ್ಸಿನಲ್ಲಿ ದೇವಕ್ಕನನ್ನು ಕೇಳಿದೆ, ನೀರು ಎಂದು ಅವರು ಹೇಳಿದ್ದು ನಿನಗೆ ನೆನಪಿರಲಿಲ್ಲವೇ ಎಂದು. ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದಳು: "ಮೊದಲನೇ ದಿನಾನ ಹೇಳಿದ್ನಲ್ಲ ಅಜ್ಜಾ, ನೀ ಕೇಳಲಿಲ್ಲ. ಆಮ್ಯಾಗ ಕುಂಟಕೋತ ಅಷ್ಟ ದೂರದಿಂದ ಹಾಲು ತರತಿದ್ದಿ. ಹ್ಯಾಂಗ ಒಲ್ಲೆ ಅನ್ಲಿ?" ನನ್ನ ಮನಸ್ಸು ನೋಯಬಾರದೆಂದು ಆ ಕೂಸು ಆರು ವಾರ ತನ್ನ ಮುಖದ ನೋವು ನುಂಗಿತ್ತು.

ಅಂದಿನಿಂದ ಬರೀ ನೀರು. ಊಟಕ್ಕೆ ಒಂದು ತಾಸು ಮೊದಲು ನಾನೇ ಗಡಿಯಾರ ನೋಡಿ ಕೊಡುತ್ತೇನೆ. ಈ ಗುಳಿಗೆ ನುಂಗುವವರಿಗೆ ಬಿಸಿಲು ಆಗುವುದಿಲ್ಲವಂತೆ; ನನ್ನ ಕರೀ ಕೊಡೆ ಈಗ ಅವಳದು. ಮೂರನೇ ವಾರಕ್ಕೆ ಹೊಸ ಗಂಟು ಏಳುವುದು ನಿಂತಿತು. ಆರನೇ ವಾರಕ್ಕೆ ಕೀವು ಒಣಗಿ ಕೆಂಪು ಇಳಿಯಿತು. ಈಗ ಮೂರು ತಿಂಗಳಾಯಿತು; ಗುಳಿಗೆಯನ್ನು ಎರಡಕ್ಕೆ ಇಳಿಸಿದ್ದಾರೆ. ಗಲ್ಲದಲ್ಲಿ ಕೆಲವು ತಗ್ಗುಗಳು ಉಳಿದಿವೆ, ಅವು ಹೋಗುವುದಿಲ್ಲ ಎಂದು ಡಾಕ್ಟರ್‌ಬಾಯಿ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಇರಲಿ. ಆ ಮುಖ, ಅಣವೀರಪ್ಪಾ, ತೀರಿಹೋದ ನಿನ್ನ ಅವ್ವನದೇ! ಗಂಟುಗಳ ಕೆಳಗೆ ಅದು ಅಲ್ಲೇ ಇತ್ತು ಎಂಬುದೇ ನನಗೆ ಮರೆತುಹೋಗಿತ್ತು. ಒಂದು ದಿನ ತಡೆಯಲಾರದೆ ಗುಳಿಗೆಯೊಂದನ್ನು ಬಿಚ್ಚಿ ಅಂಗೈಗೆ ಸುರುವಿಕೊಂಡೆ. ಒಂದು ಚಿಟಿಕೆ ಹಳದಿ ಪುಡಿ. ನಾಲಿಗೆಗೆ ಹಚ್ಚಿದರೆ ಕಹಿ. ಇಷ್ಟೇ ಇಷ್ಟು ಪುಡಿ ಗಂಟಲಿಳಿದು, ರಕ್ತದಲ್ಲಿ ಅಲೆದಲೆದು, ಮೈಯ ಸಾವಿರ ಓಣಿಗಳನ್ನು ದಾಟಿ ನಮ್ಮ ದೇವಕ್ಕನ ಗಲ್ಲಕ್ಕೆ ಹೋಗಿ ಮುಟ್ಟಿತಲ್ಲ! ಕಂಡುಹಿಡಿದವರು ಯಾವ ದೇಶದವರೋ, ಅವರ ಹೊಟ್ಟೆ ತಣ್ಣಗಿರಲಿ. ಎಪ್ಪತ್ತೊಂದು ವರ್ಷದಲ್ಲಿ ಇಂಥ ಬೆರಗು ನನಗೆ ಆದದ್ದಿಲ್ಲ. ಅಂಗೈಯ ಪುಡಿಯನ್ನು ಕಾಗದದ ಮೇಲಿಟ್ಟು ಕೈ ಮುಗಿದೆ. ನೋಡಿದ ಲಕ್ಷ್ಮವ್ವ, ಊದಿನಕಡ್ಡಿಯನ್ನೂ ಹಚ್ಚಲೇ ಮಾವ ಎಂದು ನಕ್ಕಳು.

ಜೂನಿಗೆ ಮತ್ತೆ ಕಾಲೇಜಿಗೆ ಹೋಗುತ್ತೇನೆ ಎಂದಿದ್ದಾಳೆ ದೇವಕ್ಕ. ನೀನು ಹೊತ್ತಿಗೆ ಸರಿಯಾಗಿ ಉಣ್ಣು, ಬಿಸಿಲಲ್ಲಿ ತಲೆಗೆ ಬಟ್ಟೆ ಸುತ್ತಿಕೋ. ಬಸವಣ್ಣ ನಿನ್ನನ್ನು ಸುಖವಾಗಿ ದಡಕ್ಕೆ ತರಲಿ.

ಇಂತಿ ನಿನ್ನ ಅಪ್ಪ,
ಸಿದ್ದರಾಮಪ್ಪ

ತಾ.ಕ.: ಟಪಾಲು ಡಬ್ಬಿ ತೆಗೆಯುವ ಹೊತ್ತಾಯಿತು, ಅವಳು ನಿನಗೆ ಯಾಕೆ ಬರೆಯುವುದಿಲ್ಲ ಎಂಬುದನ್ನು ಬರೆದೇ ಬಿಡುತ್ತೇನೆ. ಹೋದ ಸಲ ನಿನ್ನನ್ನು ಕಳಿಸಲು ಬಂದರಿಗೆ ಬಂದಾಗ, ನೀನು ಎಲ್ಲರ ಮುಂದೆ "ಯವ್ವಾ, ಮಾರಿ ಮ್ಯಾಲ ಜ್ವಾಳದ ಅಳ್ಳ ಸಿಡಿದಂಗ ಆಗೇತಲ್ಲ!" ಎಂದು ಅವಳ ಮೊಡವೆ ನೋಡಿ ನಕ್ಕಿದ್ದೆ. ನಿನಗೆ ನೆನಪೂ ಇರಲಿಕ್ಕಿಲ್ಲ. ಅವಳು ಮೊದಲ ಸಲ ಸೆರಗು ಎಳೆದುಕೊಂಡದ್ದು ಆವತ್ತೇ. ಅಪ್ಪನ ಹಡಗು ಬಂದಾಗ ನಾನೂ ಬರುತ್ತೇನೆ ಎಂದು ನಿನ್ನೆ ತಾನಾಗಿಯೇ ಹೇಳಿದಳು. ಸೆರಗು ಹೆಗಲ ಮೇಲಿರುತ್ತದೆ. ಮುಖದ ಮಾತು ಎತ್ತಬೇಡ. ಚೆಂದ ಆಗೇತಿ ಅಂತಲೂ ಅನ್ನಬೇಡ. ಟ್ರಂಕಿನ ಒಂದು ಹಿಡಿಯನ್ನು ಅವಳ ಕೈಗೆ ಕೊಟ್ಟು, ಉಂಡಿಯೇನವ್ವಾ ಎಂದು ಕೇಳು, ಅಷ್ಟು ಸಾಕು.