ಹೆಡ್ ಮೇಡಂ ಕೋಣೆಯ ಸ್ಟೂಲು

ಚಾಮರಾಜಪೇಟೆ
೧೨ ಡಿಸೆಂಬರ್ ೧೯೯೮

ಪ್ರೀತಿಯ ಶಕುಂತಲಾ ಮಿಸ್‌ಗೆ ನಿಮ್ಮ ಹಳೆಯ ಸ್ಕೂಲಿನ ಆಯಾ ಅಂಜಿನಮ್ಮನ ನಮಸ್ಕಾರಗಳು.

ಕಾಗದ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡಿ. ನೀವು ಮಲ್ಲೇಶ್ವರದ ಸ್ಕೂಲಿಗೆ ಸೇರಿದ್ದು ಗೊತ್ತಿತ್ತು, ವಿಳಾಸ ಗೊತ್ತಿರಲಿಲ್ಲ. ಮೊನ್ನೆ ಗಾಂಧಿ ಬಜಾರಿನಲ್ಲಿ ನಮ್ಮ ಹಳೆಯ ಹೆಡ್ ಮೇಡಂ ಅಂಬುಜಮ್ಮನವರು ಸಿಕ್ಕಿ, ಬರೆದುಕೊಟ್ಟರು. ನಾಲ್ಕನೇ ಕ್ಲಾಸಿಗೇ ಓದು ಬಿಟ್ಟವಳಿಗೆ ಊಟದ ಬಿಡುವಿನಲ್ಲಿ ನೀವೇ ತಿದ್ದಿಸಿದ ಅಕ್ಷರ ಇದು. ತಪ್ಪಿದ್ದರೆ ನಗಬೇಡಿ.

ಸ್ಕೂಲಿನಲ್ಲಿ ಈಗ ಸದ್ದೇ ಇಲ್ಲ. ಹೊಸ ಮೇಡಂಗೆ ಹೆದರಿ ಮಿಸ್‌ಗಳೆಲ್ಲ ಬೆಲ್ಲಿಗೆ ಮುಂಚೆಯೇ ಬರುತ್ತಾರೆ. ಆದರೆ ಜಲಜಾಕ್ಷಿ ಮಿಸ್ ಕಾಲುಚೀಲದ ಕೋತಿಯನ್ನು ಕೈಗೆ ಹಾಕಿಕೊಂಡು ಲೆಕ್ಕ ಹೇಳಿಕೊಡುತ್ತಿದ್ದರಲ್ಲ, ಆ ಕೋತಿ ಬೀರು ಸೇರಿದೆ. ಮಕ್ಕಳು "ಮಿಸ್, ಕೋತಿಯಣ್ಣ ಎಲ್ಲಿ?" ಅಂದರೆ, "ಶ್! ಪುಸ್ತಕ ನೋಡ್ರೋ" ಎಂದು ಬಾಗಿಲ ಕಡೆ ನೋಡುತ್ತಾರೆ. ಬಾಗಿಲಲ್ಲಿ ಪೊರಕೆ ಹಿಡಿದು ನಿಂತವಳು ನಾನು. ಅಂಬುಜಮ್ಮನವರಾದರೆ ಕೊನೆಯ ಬೆಂಚಿನಲ್ಲಿ ಮಕ್ಕಳ ಪಕ್ಕ ಕೂತು ಆ ಕೋತಿಗೆ ತಾವೇ ಉತ್ತರ ಹೇಳುತ್ತಿದ್ದರು. ಆಗ ಮಿಸ್‌ಗೆ ಇನ್ನಷ್ಟು ಹುಮ್ಮಸ್ಸು.

ಹೊಸ ಮೇಡಂ ದಿನಾ ಸಂಜೆ ನನ್ನನ್ನು ಕೋಣೆಗೆ ಕರೆಯುತ್ತಾರೆ. ನೀವಿದ್ದಾಗಲೇ ಶುರುವಾಗಿತ್ತಲ್ಲ. ಬಾಗಿಲು ಹಾಕಿಸಿ, ಸ್ಟೂಲಿನ ಮೇಲೆ ಕೂರಿಸಿ, ಬಿಸ್ಕತ್ತು ಕೊಡುತ್ತಾರೆ. ಏನೂ ಕೇಳುವುದಿಲ್ಲ. ತಮ್ಮ ಪಾಡಿಗೆ ಫೈಲು ನೋಡಿ, ಆಮೇಲೆ "ಹೋಗು" ಅನ್ನುತ್ತಾರೆ. ನಿಂತು ನಿಂತು ನನ್ನ ಕಾಲು ನೋಯುತ್ತದೆ ಎಂಬ ಕರುಣೆ ಅಂದುಕೊಂಡಿದ್ದೆ. ಹೊರಗೆ ಬಂದರೆ ಸ್ಟಾಫ್ ರೂಮಿನಲ್ಲಿ ಮಾತು ನಿಲ್ಲುತ್ತದೆ.

"ಬಂದ್ಲು ನೋಡ್ರೇ ಆಕಾಶವಾಣಿ! ಇವತ್ತಿನ ವಾರ್ತೆ ಓದಾಯ್ತೇನಮ್ಮಾ?" ಎಂದು ಜಲಜಾಕ್ಷಿ ಮಿಸ್ ಅಂದರೆ ಎಲ್ಲರೂ ನಗುತ್ತಾರೆ.

ಮೇಡಂ ಯಾರನ್ನು ಬೈದರೂ ಚಾಡಿ ಹೇಳಿದವಳು ನಾನೇ ಎಂದು ಅವರೆಲ್ಲರ ಲೆಕ್ಕ. ನನಗೂ ಅನುಮಾನ ಅಂಟಿಕೊಂಡಿತು. ಇವರಲ್ಲೇ ಯಾರೋ ಹೇಳಿ ನನ್ನ ತಲೆಗೆ ಕಟ್ಟುತ್ತಿದ್ದಾರೆಯೇ ಎಂದು ಟೀ ಕೊಡುತ್ತಾ ಒಬ್ಬೊಬ್ಬರ ಮುಖ ನೋಡುತ್ತೇನೆ.

ನಿನ್ನೆ ಧೈರ್ಯ ಮಾಡಿ ಕೇಳಿಯೇಬಿಟ್ಟೆ. "ಮೇಡಂ, ನನ್ನನ್ನ ಯಾಕೆ ದಿನಾ ಕೂರಿಸ್ತೀರಾ? ನಾನೇನೂ ಹೇಳೇ ಇಲ್ವಲ್ಲ."

"ಹೇಳು ಅಂತ ಯಾರು ಕೇಳಿದ್ರು?" ಮೇಡಂ ತಲೆ ಎತ್ತಲಿಲ್ಲ. "ಮಿಸ್‌ಗಳು ಟೈಮಿಗೆ ಸರಿಯಾಗಿ ಬರ್ತಿದಾರೆ ತಾನೇ? ನೀನು ಬಿಸ್ಕತ್ ತಿನ್ನು."

ಬಿಸ್ಕತ್ತು ಬಾಯಲ್ಲೇ ಉಳಿಯಿತು. ಮಿಸ್‌ಗಳು ಹೆದರಲು ನಾನು ಆ ಸ್ಟೂಲಿನ ಮೇಲೆ ಕೂತರೇ ಸಾಕಿತ್ತು. ಓಡಿಹೋಗಿ ಜಲಜಾಕ್ಷಿ ಮಿಸ್‌ಗೆ ಹೇಳಿದೆ. "ಇದನ್ನೂ ಅವರೇ ಹೇಳಿ ಕಳಿಸಿದ್ರಾ?" ಎಂದರು.

ಸೋಮವಾರ ಕರೆದರೆ ಬಾಗಿಲು ತೆಗೆದಿಟ್ಟು ನಿಂತೇ ಇರುತ್ತೇನೆ. ಕೆಲಸ ಹೋದರೆ ಹೋಗಲಿ ಎಂದು ಬರೆಯುವಷ್ಟು ಧೈರ್ಯ ಮಾತ್ರ ಇಲ್ಲ.

ನಿಮ್ಮನ್ನೂ ಮನೆಯವರನ್ನೂ ದೇವರು ಚೆನ್ನಾಗಿಟ್ಟಿರಲಿ.

ನಿಮ್ಮ
ಅಂಜಿನಮ್ಮ

ಇನ್ನೊಂದು ಮಾತು: ನೀವು ಬಿಟ್ಟುಹೋದ ದಿನ ನಾನು ಟೀ ತಂದಾಗ ನೀವೂ ಮಾತು ನಿಲ್ಲಿಸಿದಿರಿ. ಲೋಟ ಪಕ್ಕಕ್ಕೆ ಸರಿಸಿ, ನನಗೆ ಹೇಳದೆಯೇ ಹೋದಿರಿ. ಟೀ ಆರಿಹೋಗಿತ್ತು, ಅದಕ್ಕೇ ಕುಡಿಯಲಿಲ್ಲ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದಕ್ಕೇ ಅಲ್ಲವೇ ಮಿಸ್?